ಯೇಸು ಆಡಿದ ಮಾತು, ಸುವಾರ್ತೆ ಬರೆದ ಭಾಷೆ

ಬೈಬಲ್ ಸ್ಟಡಿ ಮುಗಿದು ಚಹಾ ಬರುವಷ್ಟರಲ್ಲಿ ಯಾರಾದರೊಬ್ಬರು ಮೊಬೈಲ್ ಹಿಡಿದುಕೊಂಡು ಹತ್ತಿರ ಬರುತ್ತಾರೆ. "ಸರ್, ಈ ವಿಡಿಯೊ ನೋಡಿದ್ರಾ? ಮೂಲ ಸುವಾರ್ತೆ ಅರಾಮಿಕ್‌ನಲ್ಲಿತ್ತಂತೆ. ಗ್ರೀಕರು ತಿದ್ದಿ ಹಾಳು ಮಾಡಿದ್ರಂತೆ." ನಾನು ಹೊಸ ಒಡಂಬಡಿಕೆಯ ಗ್ರೀಕ್ ಕಲಿಸುವವನು. ಸಭೆಗಳಿಗೆ ಹೋಗಿ ಪಾಠ ಮಾಡುವುದೂ ಇದೆ. ವಿಡಿಯೊ ಬೇರೆ ಬೇರೆ, ವಾದ ಮಾತ್ರ ಒಂದೇ. ಯೇಸುಸ್ವಾಮಿ ಮಾತಾಡಿದ್ದು ಅರಾಮಿಕ್, ಆದ್ದರಿಂದ ಸುವಾರ್ತೆಯನ್ನೂ ಮೊದಲು ಬರೆದದ್ದು ಅರಾಮಿಕ್‌ನಲ್ಲೇ.

ನನಗೆ ತಲೆನೋವು ಆ "ಆದ್ದರಿಂದ".

ಮೊದಲ ಭಾಗಕ್ಕೆ ಯಾರ ತಕರಾರೂ ಇಲ್ಲ. ಯೇಸು ಬೆಳೆದ ಗಲಿಲಾಯದ ಹಳ್ಳಿಗಳ ಮನೆಮಾತು ಅರಾಮಿಕ್. ಹೀಬ್ರೂ ಧರ್ಮಗ್ರಂಥದ ಭಾಷೆ. ವ್ಯಾಪಾರಕ್ಕೆ, ಆಡಳಿತಕ್ಕೆ ಗ್ರೀಕ್ ಕೂಡ ಓಡಾಡುತ್ತಿತ್ತು. ಯೇಸುವಿಗೆ ಸ್ವಲ್ಪ ಗ್ರೀಕ್ ಬರುತ್ತಿತ್ತೋ ಇಲ್ಲವೋ ಎಂಬ ಚರ್ಚೆ ಇದೆ, ಅದನ್ನು ಇಲ್ಲಿ ಬಿಡೋಣ. ಉಪದೇಶ ಮುಖ್ಯವಾಗಿ ಅರಾಮಿಕ್‌ನಲ್ಲಿ ನಡೆಯಿತು ಎಂದರೆ ಹೆಚ್ಚಿನ ವಿದ್ವಾಂಸರು ತಲೆಯಾಡಿಸುತ್ತಾರೆ. ಆದರೆ ಒಬ್ಬರು ಯಾವ ಭಾಷೆ ಆಡಿದರು, ಅವರ ಮಾತು ಯಾವ ಭಾಷೆಯಲ್ಲಿ ಬಾಯಿಂದ ಬಾಯಿಗೆ ಹರಡಿತು, ಅವರ ಬಗ್ಗೆ ಪುಸ್ತಕ ಯಾವ ಭಾಷೆಯಲ್ಲಿ ಬರೆದರು ಎನ್ನುವುದು ಬೇರೆ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಮಿಕ್ಕ ಎರಡಕ್ಕೂ ಸಿಕ್ಕಿತು ಅಂದುಕೊಳ್ಳುವುದೇ ಎಡವಟ್ಟು.

ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ 5ನೇ ಅಧ್ಯಾಯ ತೆಗೆಯಿರಿ. ಯಾಯೀರನ ಮಗಳನ್ನು ಎಬ್ಬಿಸುವಾಗ "ತಲಿಥಾ ಕೂಮ್" ಎಂಬ ಮಾತು ಬರುತ್ತದೆ. ಇದು ಅರಾಮಿಕ್. "ನೋಡಿ ಸರ್, ಸಿಕ್ಕಿಬಿತ್ತು" ಅನ್ನುತ್ತಾರೆ. ಸ್ವಲ್ಪ ಮುಂದೆ ಓದಿ. ಅದರರ್ಥ "ಹುಡುಗಿ, ಏಳು" ಎಂದು ಮಾರ್ಕನೇ ವಿವರಿಸುತ್ತಾನೆ. ಅರಾಮಿಕ್ ಗೊತ್ತಿದ್ದವರಿಗೆ ಯಾರಾದರೂ ಅರಾಮಿಕ್‌ನ ಅರ್ಥ ಹೇಳುತ್ತಾರಾ? 7ನೇ ಅಧ್ಯಾಯದಲ್ಲಿ ಯೆಹೂದ್ಯರು ಕೈ ತೊಳೆದೇ ಊಟ ಮಾಡುತ್ತಾರೆ ಎಂದು ಅವರ ಸಂಪ್ರದಾಯವನ್ನೂ ಬಿಡಿಸಿ ಹೇಳುತ್ತಾನೆ. ಅವನ ಮುಂದಿದ್ದ ಓದುಗರು ಹೊರಗಿನವರು. ಅವರಿಗೆ ಗ್ರೀಕ್ ಬರುತ್ತಿತ್ತು. ಅರಾಮಿಕ್ ತುಣುಕುಗಳು ತೋರಿಸುವುದು ಕಥೆಯ ಬೇರನ್ನು, ಪುಸ್ತಕದ ಭಾಷೆಯನ್ನಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಜಾರಿಹೋಗುತ್ತದೆ. ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಹೊಸ ವಿದ್ಯಾರ್ಥಿಗಳಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಒಂದೇ ಇಂಗ್ಲಿಷ್ ಪ್ಯಾರಾವನ್ನು ಎಲ್ಲರೂ ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಅರ್ಥ ಎಲ್ಲರದ್ದೂ ಒಂದೇ ಇರುತ್ತದೆ. ಆದರೆ ಒಬ್ಬ "ಹೊರಟುಹೋದನು" ಎಂದು ಬರೆದರೆ ಇನ್ನೊಬ್ಬಳು "ಅಲ್ಲಿಂದ ನಡೆದ" ಅನ್ನುತ್ತಾಳೆ. ಒಬ್ಬ ಉದ್ದ ವಾಕ್ಯವನ್ನು ಎರಡು ಮಾಡುತ್ತಾನೆ, ಇನ್ನೊಬ್ಬ ಹಾಗೇ ಬಿಡುತ್ತಾನೆ. ನಾಲ್ಕು ಸಾಲು ಪದಕ್ಕೆ ಪದ ಹೊಂದಿದರೆ ಏನರ್ಥ? ಹಿಂದಿನ ಬೆಂಚಿನವರು ಮುಂದಿನವರ ಪೇಪರ್ ನೋಡಿದ್ದಾರೆ, ಅಷ್ಟೇ.

ಇದಾದ ಮೇಲೆ ಸ್ನಾನಿಕ ಯೋಹಾನನ ಉಪದೇಶ ತೆಗೆಸುತ್ತೇನೆ. ಮತ್ತಾಯ 3ನೇ ಅಧ್ಯಾಯದ 7ರಿಂದ 10, ಲೂಕ 3ನೇ ಅಧ್ಯಾಯದ 7ರಿಂದ 9. ಜನರನ್ನು ಸರ್ಪಜಾತಿಯವರೇ ಎಂದು ಬೈಯುವ ಭಾಗ. ಗ್ರೀಕ್ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಹೊಂದುವ ಪದಗಳಿಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಅನ್ನುತ್ತೇನೆ. ಪುಟ ಪೂರ್ತಿ ಕೆಂಪಾಗುತ್ತದೆ! ಯಾರನ್ನು ಬೈದದ್ದು ಎಂಬ ಮುನ್ನುಡಿ ಬೇರೆ. ಆದರೆ ಯೋಹಾನನ ಮಾತು ಶುರುವಾದ ಮೇಲೆ ಬೆರಳೆಣಿಕೆಯ ಪದ ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ, ಪದಗಳ ಕ್ರಮವೂ ಒಂದೇ. ಯೋಹಾನ ಇದನ್ನು ಗ್ರೀಕ್‌ನಲ್ಲಿ ಬೈದಿರುವುದು ಅನುಮಾನ. ಇಬ್ಬರು ಬೇರೆ ಬೇರೆ ಕೂತು ಅರಾಮಿಕ್‌ನಿಂದ ಅನುವಾದಿಸಿದ್ದರೆ ಇಷ್ಟು ಹೊಂದುತ್ತಿರಲಿಲ್ಲ. ಅಂದರೆ ಬರಹದಿಂದ ಬರಹಕ್ಕೆ ಸಾಗುವ ಹೊತ್ತಿಗೆ ಆ ಮಾತು ಆಗಲೇ ಗ್ರೀಕ್ ಆಗಿತ್ತು.

ಇನ್ನೂ ಒಂದು ಜಾಗ ಇದೆ, ನನಗೆ ತುಂಬ ಇಷ್ಟದ್ದು. ಮಾರ್ಕ 13:14, ಮತ್ತಾಯ 24:15. ಎಣ್ಣೆಮರಗಳ ಗುಡ್ಡದ ಮೇಲೆ ಯೇಸು ಶಿಷ್ಯರಿಗೆ ಮುಂದಿನ ಸಂಕಟಗಳ ಬಗ್ಗೆ ಹೇಳುತ್ತಿರುವಾಗ ನಡುವೆ "ಓದುವವನು ತಿಳಿದುಕೊಳ್ಳಲಿ" ಎಂಬ ಮಾತು ನುಗ್ಗುತ್ತದೆ. ಶಿಷ್ಯರು ಕೇಳುತ್ತಾ ಕೂತಿದ್ದಾರೆ, ಓದುತ್ತಾ ಅಲ್ಲ. ಇದು ಬರೆದವನು ಓದುಗನ ಕಿವಿಯಲ್ಲಿ ಹೇಳಿದ ಮಾತು ಎಂದು ಹಲವರ ಅಭಿಪ್ರಾಯ. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ ಓದುವವನು ಎಂದು ಅರ್ಥ ಮಾಡುವವರೂ ಇದ್ದಾರೆ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಹೇಗೇ ಇರಲಿ, ಇಬ್ಬರಲ್ಲೂ ಅದು ಒಂದೇ ಜಾಗದಲ್ಲಿ, ವಾಕ್ಯದ ಮಧ್ಯದಲ್ಲೇ ಬರುತ್ತದೆ. ಸುಮ್ನೆ ಕಾಕತಾಳೀಯ ಅನ್ನಲು ನನಗೆ ಧೈರ್ಯ ಇಲ್ಲ.

ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಪವಿತ್ರಾತ್ಮನೇ ಇಬ್ಬರಿಗೂ ಒಂದೇ ಮಾತು ಕೊಟ್ಟಿರಬಹುದಲ್ಲ ಸರ್?" ಎಂದರು. ಕೊಟ್ಟಿರಬಹುದು. ದೇವರು ಏನು ಮಾಡಲಾರರು ಎಂದು ಹೇಳುವುದು ವ್ಯಾಕರಣ ಮೇಷ್ಟರ ಕೆಲಸ ಅಲ್ಲ. ಆದರೆ ಹಾಗಿದ್ದರೆ ಸ್ವಾಮಿ ಕಲಿಸಿದ ಪ್ರಾರ್ಥನೆಯೇ ಮತ್ತಾಯನಲ್ಲಿ ಉದ್ದ, ಲೂಕನಲ್ಲಿ ಗಿಡ್ಡ ಯಾಕೆ? ಲೂಕನಂತೂ ಮೊದಲ ನಾಲ್ಕು ವಚನಗಳಲ್ಲೇ ಬಾಯಿಬಿಟ್ಟು ಹೇಳಿದ್ದಾನೆ. ತನಗಿಂತ ಮೊದಲು ಅನೇಕರು ಬರೆಯಲು ಕೈಹಾಕಿದ್ದಾರೆ, ತಾನೂ ಎಲ್ಲವನ್ನೂ ವಿಚಾರಿಸಿ ಬರೆಯುತ್ತಿದ್ದೇನೆ ಎಂದು. ಆಕರ ಹುಡುಕುವುದು ಅವಿಶ್ವಾಸ ಅನ್ನುವವರು ಮೊದಲು ಲೂಕನ ಜೊತೆ ಜಗಳವಾಡಬೇಕು. ಆ ಹಿರಿಯರು ನಕ್ಕರು. ಒಪ್ಪಿದರೋ ಇಲ್ಲವೋ, ಊಟಕ್ಕೆ ಮನೆಗೆ ಕರೆದರು.

ಇಷ್ಟು ಹೇಳಿದ ಮೇಲೆ ಸ್ವಲ್ಪ ಓದಿಕೊಂಡವರು ಪಪಿಯಸ್‌ನನ್ನು ಎದುರಿಗೆ ನಿಲ್ಲಿಸುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪಪಿಯಸ್ ಈಗಿನ ಟರ್ಕಿಯಲ್ಲಿದ್ದ ಹಿಯರಾಪೊಲಿಸ್‌ನ ಬಿಷಪ್, 2ನೇ ಶತಮಾನದ ಆರಂಭದವನು. ಮತ್ತಾಯ ಹೀಬ್ರೂ ಭಾಷೆಯಲ್ಲಿ ವಚನಗಳನ್ನು ಜೋಡಿಸಿದ, ಒಬ್ಬೊಬ್ಬರು ತಮಗೆ ಬಂದಂತೆ ಅನುವಾದಿಸಿಕೊಂಡರು ಎಂದು ಅವನು ಬರೆದ. ಅವನ ಪುಸ್ತಕ ಉಳಿದಿಲ್ಲ. 4ನೇ ಶತಮಾನದ ಯೂಸೆಬಿಯಸ್ ಎತ್ತಿ ಬರೆದುಕೊಂಡದ್ದರಿಂದ ನಮಗೆ ಸಿಕ್ಕಿದೆ. ಅದೇ ಯೂಸೆಬಿಯಸ್ ಪಪಿಯಸ್‌ನ ಬುದ್ಧಿ ಅಷ್ಟಕ್ಕಷ್ಟೇ ಎಂದೂ ಷರಾ ಹಾಕಿದ್ದಾನೆ! ಹೀಬ್ರೂ ಅಂದರೆ ಅರಾಮಿಕ್ ಇರಬಹುದು, ಆಗ ಎರಡಕ್ಕೂ ಆ ಹೆಸರೇ ಬಳಕೆಯಲ್ಲಿತ್ತು. ವಚನಗಳು ಅಂದರೆ ಇಡೀ ಸುವಾರ್ತೆಯೋ, ಬರೀ ಉಪದೇಶಗಳ ಸಂಗ್ರಹವೋ? ಜಗಳ ಇನ್ನೂ ಮುಗಿದಿಲ್ಲ. ಪಪಿಯಸ್‌ನನ್ನು ಸುಳ್ಳುಗಾರ ಅನ್ನಲಾರೆ. ಆದರೆ ಅವನು ಹೇಳಿದ ಪುಸ್ತಕ ನಮ್ಮ ಕೈಯಲ್ಲಿರುವ ಮತ್ತಾಯ ಆಗಿರುವುದು ಕಷ್ಟ. ನಮ್ಮ ಮತ್ತಾಯನಲ್ಲಿ ಮಾರ್ಕನ ವಸ್ತುವಿನ ಸುಮಾರು 90% ಇದೆ, ಅದೂ ಎಷ್ಟೋ ಕಡೆ ಗ್ರೀಕ್ ಪದಗಳ ಸಮೇತ.

ಅರಾಮಿಕ್ ಹಿನ್ನೆಲೆ ಹುಡುಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ವಿದ್ವಾಂಸ ಟೋರಿ 1930ರ ದಶಕದಲ್ಲಿ ಸುವಾರ್ತೆಗಳೇ ಅರಾಮಿಕ್‌ನಿಂದ ಅನುವಾದ ಎಂದು ವಾದಿಸಿದರು. ಹೆಚ್ಚಿನವರು ಒಪ್ಪಲಿಲ್ಲ. 1946ರಲ್ಲಿ ಸ್ಕಾಟ್ಲೆಂಡಿನ ಮ್ಯಾಥ್ಯೂ ಬ್ಲ್ಯಾಕ್ ಹೆಚ್ಚು ಹುಷಾರಾಗಿ, ಮುಖ್ಯವಾಗಿ ಯೇಸುವಿನ ಮಾತುಗಳ ಹಿಂದೆ ಅರಾಮಿಕ್ ಪದರ ಇದೆ ಎಂದು ತೋರಿಸಿದರು. ಅದು ಇವತ್ತಿಗೂ ಗೌರವದ ಕೆಲಸ.

ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ (ಕೇರಳ ಮೂಲದ ಕ್ರೈಸ್ತ ಸಭೆ) ಕುಟುಂಬಗಳವರು ಸಿಕ್ಕಾಗ ಮಾತು ಪೆಶಿತ್ತಾ ಎಂಬ ಸಿರಿಯಾಕ್ ಬೈಬಲಿನ ಕಡೆ ತಿರುಗುತ್ತದೆ. ಅವರ ಹಿರಿಯರು ಆರಾಧನೆಯಲ್ಲಿ ಸಿರಿಯಾಕ್ ಕೇಳಿ ಬೆಳೆದವರು. ಸಿರಿಯಾಕ್ ಅರಾಮಿಕ್‌ನದೇ ಒಂದು ಶಾಖೆ. "ನಮ್ಮದು ಯೇಸುವಿನ ಭಾಷೆ ಸರ್" ಅನ್ನುವಾಗ ಅವರ ಮುಖದಲ್ಲಿರುವ ಹೆಮ್ಮೆ ನೋಡಿದರೆ ಎದುರಾಡಲು ಮನಸ್ಸಾಗುವುದಿಲ್ಲ. ಆದರೂ ಹೇಳಬೇಕು. ಸಿರಿಯಾಕ್ ಈಗಿನ ಟರ್ಕಿಯಲ್ಲಿದ್ದ ಎಡೆಸ್ಸಾ ಪಟ್ಟಣದ ಸುತ್ತ ಬೆಳೆದ ಬರಹದ ಭಾಷೆ, ಗಲಿಲಾಯದ ಮಾತಲ್ಲ. ಪೆಶಿತ್ತಾ ಈಗಿನ ರೂಪಕ್ಕೆ ಬಂದದ್ದು ಸುಮಾರು 5ನೇ ಶತಮಾನದ ಹೊತ್ತಿಗೆ. ಅದಕ್ಕಿಂತ ಹಳೆಯ ಸಿರಿಯಾಕ್ ಸುವಾರ್ತೆಗಳೂ ಸಿಕ್ಕಿವೆ, ಒಂದು 1892ರಲ್ಲಿ ಸಿನಾಯ್ ಬೆಟ್ಟದ ಮಠದಲ್ಲಿ. ಅವೂ ಗ್ರೀಕ್‌ನಿಂದ ಬಂದ ಅನುವಾದಗಳೇ ಎಂಬುದು ಬಹುಪಾಲು ತಜ್ಞರ ನಿಲುವು. ಹಳೆಯ, ಚಂದದ ಅನುವಾದ. ಅನುವಾದ ಅಂದರೆ ಅವಮಾನ ಏನಿಲ್ಲವಲ್ಲ.

ನಿಜವಾದ ಜಗಳ ಇರುವುದು ಬೇರೆ ಕಡೆ, ಅದರ ಬಗ್ಗೆ ಯಾರೂ ವಿಡಿಯೊ ಕಳಿಸುವುದಿಲ್ಲ. ಮಾರ್ಕ ಮೊದಲು ಬರೆದ ಎಂಬುದಕ್ಕೆ ಹೆಚ್ಚಿನವರ ಒಪ್ಪಿಗೆ ಇದೆ. ಮನೆಯ ಸತ್ಯವೇದದಲ್ಲೇ ಒಂದು ಸುಳಿವು ನೋಡಬಹುದು. ಮಾರ್ಕ 6ನೇ ಅಧ್ಯಾಯದಲ್ಲಿ ಗಲಿಲಾಯವನ್ನು ಆಳುತ್ತಿದ್ದ ಹೆರೋದನನ್ನು ಅರಸ ಅನ್ನುತ್ತಾನೆ. ಹೆರೋದ ಅಂತಿಪ ಅರಸನಲ್ಲ, ಅದಕ್ಕಿಂತ ಕೆಳಗಿನ ಪದವಿಯವನು. ಮತ್ತಾಯ 14ನೇ ಅಧ್ಯಾಯದ ಮೊದಲ ವಚನದಲ್ಲೇ ಅದನ್ನು ಸರಿಮಾಡುತ್ತಾನೆ. 9ನೇ ವಚನಕ್ಕೆ, ಸ್ನಾನಿಕ ಯೋಹಾನನ ತಲೆ ಕೇಳಿದ ಜಾಗಕ್ಕೆ ಬರುವಾಗ ಮತ್ತೆ "ಅರಸನು ದುಃಖಪಟ್ಟನು" ಎಂದುಬಿಡುತ್ತಾನೆ. ಆ ದುಃಖವೂ ಇಲ್ಲಿ ಹೊಂದುವುದಿಲ್ಲ. ಮಾರ್ಕನ ಹೆರೋದನಿಗೆ ಯೋಹಾನನ ಮಾತು ಕೇಳುವುದೆಂದರೆ ಇಷ್ಟ. ಮತ್ತಾಯನ ಹೆರೋದ ಅವನನ್ನು ಕೊಲ್ಲಬೇಕೆಂದೇ ಇದ್ದವನು. ಮುಂದಿಟ್ಟುಕೊಂಡ ಪುಸ್ತಕದ ಮಾತು ಕೈಗೆ ಹಾಗೇ ಬಂದುಬಿಟ್ಟಿದೆ.

ಮಾರ್ಕನಲ್ಲಿ ಇಲ್ಲದೆ, ಮತ್ತಾಯ ಲೂಕ ಇಬ್ಬರಲ್ಲೂ ಇರುವ ಇನ್ನೂರಕ್ಕೂ ಹೆಚ್ಚು ವಚನಗಳ ಕಥೆ ಏನು? ಸ್ನಾನಿಕನ ಆ ಬೈಗುಳವೂ ಅವುಗಳಲ್ಲೇ ಇದೆ. ಜರ್ಮನಿಯ ವೈಸೆ 1838ರಲ್ಲಿ, ಇಬ್ಬರಿಗೂ ವಚನಗಳ ಇನ್ನೊಂದು ಸಂಗ್ರಹ ಸಿಕ್ಕಿತ್ತು ಎಂದರು. ಅದಕ್ಕೆ ಮುಂದೆ ಕ್ಯೂ ಎಂದು ಹೆಸರಾಯಿತು. ಇಂಗ್ಲೆಂಡಿನ ಸ್ಟ್ರೀಟರ್ 1924ರಲ್ಲಿ ಈ ವಾದವನ್ನು ಗಟ್ಟಿಮಾಡಿದರು. "ಕ್ಯೂ ಯಾವ ಮ್ಯೂಸಿಯಂನಲ್ಲಿದೆ ಸರ್, ಫೋಟೊ ಇದೆಯಾ?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಎಲ್ಲೂ ಇಲ್ಲ. ಅದು ಲೆಕ್ಕ ಹಾಕಿ ಊಹಿಸಿದ ಪುಸ್ತಕ. 1955ರಲ್ಲಿ ಆಸ್ಟಿನ್ ಫ್ಯಾರರ್, ಲೂಕ ಮತ್ತಾಯನನ್ನೇ ಓದಿದ್ದ ಅಂದುಕೊಂಡರೆ ಕ್ಯೂ ಬೇಕಾಗುವುದೇ ಇಲ್ಲ ಎಂದರು. ಈಗ ಮಾರ್ಕ್ ಗುಡ್‌ಏಕರ್ ಆ ಪಕ್ಷದ ಗಟ್ಟಿ ದನಿ.

ನಾನು ಕ್ಯೂ ಕಡೆಗೇ ವಾಲುವವನು. ಮತ್ತಾಯನ ಪರ್ವತ ಪ್ರಸಂಗವನ್ನು (ಯೇಸುವಿನ ಉದ್ದನೆಯ ಉಪದೇಶ) ಕಂಡಿದ್ದ ಲೂಕ ಅದನ್ನು ಬಿಡಿಸಿ ಅಲ್ಲಲ್ಲಿ ಹಂಚಿದ ಎಂದು ನಂಬುವುದು ನನಗೆ ಕಷ್ಟ. ಆದರೆ ಐದು ಗ್ರೀಕ್ ಪದಗಳು ನನ್ನನ್ನು ಕಾಡುತ್ತವೆ. ಮಹಾಯಾಜಕನ ಮನೆಯಲ್ಲಿ ಯೇಸುವಿಗೆ ಹೊಡೆಯುವವರು ಮಾರ್ಕನಲ್ಲಿ "ಪ್ರವಾದನೆ ಹೇಳು" ಎಂದಷ್ಟೇ ಅನ್ನುತ್ತಾರೆ. ಮತ್ತಾಯ ಲೂಕ ಇಬ್ಬರಲ್ಲೂ "ನಿನ್ನನ್ನು ಹೊಡೆದವನು ಯಾರು?" ಎಂಬುದು ಸೇರುತ್ತದೆ, ಅವೇ ಐದು ಪದಗಳಲ್ಲಿ. ಕ್ಯೂನಲ್ಲಿ ಯೇಸುವಿನ ಶ್ರಮೆ, ಮರಣದ ಕಥೆ ಇರಲಿಲ್ಲ ಅನ್ನುತ್ತಾರಲ್ಲ, ಹಾಗಾದರೆ ಇದು ಎಲ್ಲಿಂದ ಬಂತು? ಮತ್ತಾಯನಲ್ಲಿ ಅದು ಮುಂದೆ ನಕಲುಗಾರರು ಸೇರಿಸಿದ್ದು ಎಂದು ಸ್ಟ್ರೀಟರ್ ಉತ್ತರ ಕೊಟ್ಟರು. ಅದಕ್ಕೆ ಹಸ್ತಪ್ರತಿಯ ಬೆಂಬಲ ಇಲ್ಲ. ಆದರೆ ಮತ್ತಾಯನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ವಿವರವೇ ಇಲ್ಲ. ಕಣ್ಣು ತೆರೆದಿರುವವರನ್ನು ಯಾರು ಹೊಡೆದದ್ದು ಎಂದು ಕೇಳುವುದರಲ್ಲಿ ಅರ್ಥವೇನು?

ಇಂಥದ್ದನ್ನು ಕೇಳಿ. ಮತ್ತಾಯ 26:68, ಲೂಕ 22:64, ಮಾರ್ಕ 14:65. ಮೂರನ್ನೂ ಗುರುತು ಹಾಕಿಕೊಂಡು ಬಂದವರ ಜೊತೆ ಕೂತರೆ ನಾನು ಊಟಕ್ಕೂ ಏಳುವುದಿಲ್ಲ. ವಿಡಿಯೊ ಮಾತ್ರ ದಯವಿಟ್ಟು ಕಳಿಸಬೇಡಿ.