ಲ್ಯಾಬ್‌ನಲ್ಲಿ ಆಟವಾ, ಪಾಠವಾ? ಹಾಸನದ ಕಾಲೇಜುಗಳ ಹಳೇ ತಕರಾರು

ಪ್ರಾಕ್ಟಿಕಲ್ ಮುಗಿದ ಮೇಲೆ ಕಾಲೇಜಿನ ಕಂಪ್ಯೂಟರ್‌ನಲ್ಲಿ ಆಟ ಆಡಬಹುದಾ? ಯೂಟ್ಯೂಬ್ ನೋಡಿದರೆ ತಪ್ಪೇನು? ಹಾಸನದಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಮೇಷ್ಟ್ರದು ಒಂದು ಉತ್ತರ, ಹಾಸ್ಟೆಲ್ ಹುಡುಗರದು ಇನ್ನೊಂದು, ದಿನಾ ಬಸ್ಸಿನಲ್ಲಿ ಬಂದು ಹೋಗುವವರದು ಮತ್ತೊಂದು. ಎಲ್ಲರ ಮಾತಲ್ಲೂ ಒಂದಿಷ್ಟು ನ್ಯಾಯ ಇದೆ. ಅದಕ್ಕೇ ವಿಷಯ ಗೋಜಲಾಗಿದೆ.

ಈ ತಕರಾರು ಕಂಪ್ಯೂಟರಿನಷ್ಟೇ ಹಳೆಯದು. 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಿಡಿಪಿ-1 ಅನ್ನೋ ಕಂಪ್ಯೂಟರ್ ಮೇಲೆ ‘ಸ್ಪೇಸ್‌ವಾರ್’ ಅನ್ನೋ ಆಟ ಹುಟ್ಟಿತು. 1969ರಲ್ಲಿ ಅಲ್ಲಿನ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಕೆನ್ ಥಾಂಪ್ಸನ್ ‘ಸ್ಪೇಸ್ ಟ್ರಾವೆಲ್’ ಅನ್ನೋ ಆಟ ಬರೆದರು. ದೊಡ್ಡ ಯಂತ್ರದಲ್ಲಿ ಅದನ್ನು ಒಂದು ಸಲ ಆಡಿದರೆ ಸುಮಾರು 75 ಡಾಲರ್ ಲೆಕ್ಕ ಬೀಳುತ್ತಿತ್ತು. ಹೆಚ್ಚು ಯಾರೂ ಮುಟ್ಟದ ಪಿಡಿಪಿ-7 ಅನ್ನೋ ಚಿಕ್ಕ ಕಂಪ್ಯೂಟರ್ ಒಂದು ಅಲ್ಲೇ ಇತ್ತು. ಆಟವನ್ನು ಅದಕ್ಕೆ ಹೊಂದಿಸಿದರು. ಆ ಕೆಲಸದಲ್ಲಿ ಆ ಯಂತ್ರದ ಮೇಲೆ ಕೈ ಕುದುರಿತು, ಮುಂದೆ ಅದರ ಮೇಲೇ ಕಂಪ್ಯೂಟರ್ ನಡೆಸುವ ಹೆಸರಾಂತ ತಂತ್ರಾಂಶ ಯುನಿಕ್ಸ್ ತಯಾರಾಯಿತು. ಆಟ ಆಡಿದ್ದು ಖಾಲಿ ಬಿದ್ದಿದ್ದ ಯಂತ್ರದಲ್ಲಿ. ಇದೊಂದನ್ನು ನೆನಪಿಡಿ.

ನಮ್ಮ ದೇಶದಲ್ಲಿ ಕಾನ್ಪುರ ಐಐಟಿಗೆ 1963ರಲ್ಲೇ ಐಬಿಎಂ 1620 ಕಂಪ್ಯೂಟರ್ ಬಂತು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರಲ್ಲಿ. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. 1998ರಲ್ಲಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು ಬಂತು. ನಿಜವಾದ ಜಗಳ ಕಾವೇರಿದ್ದು ಅದಾದ ಮೇಲೆ.

ಆ ಕಾಲ ನನಗೆ ಚೆನ್ನಾಗಿ ಗೊತ್ತು. 2003ರಲ್ಲಿ ಅರಕಲಗೂಡಿನ ಕಡೆಯಿಂದ ಬಂದು ಹಾಸನದಲ್ಲಿ ಕಾಲೇಜು ಸೇರಿದೆ. ಅಲ್ಲಿಯವರೆಗೆ ಮೌಸ್ ಮುಟ್ಟಿರಲಿಲ್ಲ. ಕೈ ಪಳಗಿದ್ದು ಸಾಲಿಟೇರ್ ಆಡಿ. ಎಲೆ ಹಿಡಿದು ಎಳೆದು ಇನ್ನೊಂದರ ಮೇಲೆ ಇಡಬೇಕು, ಅಷ್ಟೇ. 1990ರಲ್ಲಿ ವಿಂಡೋಸ್ ಜೊತೆ ಆ ಆಟ ಕೊಟ್ಟಿದ್ದರ ಒಂದು ಉದ್ದೇಶ ಜನಕ್ಕೆ ಮೌಸ್ ಅಭ್ಯಾಸ ಮಾಡಿಸುವುದೇ ಆಗಿತ್ತು ಅಂತ ಆಮೇಲೆ ತಿಳಿಯಿತು.

ಚಪ್ಪಲಿ ಹೊರಗೆ ಬಿಟ್ಟು ಲ್ಯಾಬ್ ಒಳಗೆ ಹೋಗಬೇಕಿತ್ತು. ಬಾಗಿಲ ಹತ್ತಿರ ರಿಜಿಸ್ಟರ್. ಹೆಸರು, ಯುಎಸ್‌ಎನ್ ಅಂದರೆ ವಿಟಿಯು ಕೊಟ್ಟ ವಿದ್ಯಾರ್ಥಿ ನಂಬರ್, ಸಿಸ್ಟಮ್ ನಂಬರ್, ಬಂದ ಸಮಯ, ಹೋದ ಸಮಯ. ಒಂದು ಸಿಸ್ಟಮ್‌ಗೆ ಇಬ್ಬರು. ಒಬ್ಬರು ಪ್ರೋಗ್ರಾಮ್ ಬರೆಯುವ ಟರ್ಬೊ ಸಿಯಲ್ಲಿ ಟೈಪ್ ಮಾಡಿದರೆ ಇನ್ನೊಬ್ಬರು ನೋಡುತ್ತಾ ಕೂರೋದು. ಟೈಪ್ ಮಾಡುತ್ತಿದ್ದವರು ಯಾವಾಗಲೂ ಮೊದಲೇ ಗೊತ್ತಿದ್ದವರು. ಸಂಜೆ ನಾಲ್ಕರ ಮೇಲೆ ಹಿಂದಿನ ಸಾಲಿನಲ್ಲಿ ಕೌಂಟರ್ ಸ್ಟ್ರೈಕ್ ಅನ್ನೋ ಗುಂಡಿನಾಟ ಶುರುವಾಗುತ್ತಿತ್ತು. ಮೇಷ್ಟ್ರಿಗೆ ಪಾಠದ್ದು ಅನ್ನಿಸಲಿ ಅಂತ ಆಟದ ಫೋಲ್ಡರ್‌ಗೆ ‘ಡಿಬಿಎಂಎಸ್ ರೆಕಾರ್ಡ್’ ಅಂತ ಹೆಸರು. ಎಂಟು ಸಿಸ್ಟಮ್ ಒಂದಕ್ಕೊಂದು ಸೇರಿಸಿ ಆಡುತ್ತಿದ್ದರು. ನೆಟ್‌ವರ್ಕ್‌ನಲ್ಲಿ ಸಿಸ್ಟಮ್‌ನ ವಿಳಾಸವಾದ ಐಪಿ ಅಡ್ರೆಸ್ ಕೊಡೋದನ್ನು ನಮ್ಮಲ್ಲಿ ಎಷ್ಟೋ ಜನ ಕಲಿತದ್ದು ನೆಟ್‌ವರ್ಕ್ ಪಾಠಕ್ಕಿಂತ ಮೊದಲು, ಅಲ್ಲೇ.

ಒಂದು ಸಂಜೆ ಕೊಣನೂರಿನ ಹುಡುಗಿಯೊಬ್ಬಳು ರೆಕಾರ್ಡ್ ಬುಕ್ ಎದೆಗೆ ಅವುಚಿಕೊಂಡು ಗೋಡೆ ಪಕ್ಕ ನಿಂತಿದ್ದಳು. ಪ್ರೋಗ್ರಾಮ್ ಮತ್ತೆ ರನ್ ಮಾಡಿ ಔಟ್‌ಪುಟ್ ಬರೆದುಕೊಳ್ಳಬೇಕಿತ್ತು. ಐದೂವರೆಗೆ ಬಸ್ಸು. ಆಡುತ್ತಿದ್ದವರು ‘ಇದೊಂದು ರೌಂಡ್ ಮುಗೀಲಿ’ ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಕೂಗತೊಡಗಿತು, ಅಟೆಂಡರ್ ಎಲ್ಲ ಆಫ್ ಮಾಡಿಸಿದರು. ಅವಳು ಹಾಗೇ ಹೋದಳು. ನಾನೂ ಆಡುತ್ತಿದ್ದವರಲ್ಲಿ ಒಬ್ಬ. ಎದ್ದು ಜಾಗ ಬಿಟ್ಟುಕೊಡಬಹುದಿತ್ತು.

ಮುಂದಿನ ಸೆಮಿಸ್ಟರ್‌ನಲ್ಲಿ ದೂರು ಜಾಸ್ತಿಯಾಗಿ ನೋಟಿಸ್ ಬಂತು. ಆಟ ಆಡಿದರೆ ದಂಡ. ಕೆಲವೇ ದಿನಕ್ಕೆ ನಾಲ್ಕೂವರೆಗೇ ಲ್ಯಾಬ್‌ಗೆ ಬೀಗ. ಆಟವೇನೋ ನಿಂತಿತು, ಜೊತೆಗೆ ಅವಳ ಅಭ್ಯಾಸವೂ ನಿಂತಿತು. ಕೈಯಲ್ಲಿ ದುಡ್ಡಿದ್ದವರು ಗಂಟೆಗೆ 20 ರೂಪಾಯಿ ಕೊಟ್ಟು ಸೈಬರ್ ಕೆಫೆಗೆ ಹೋದರು. ಬಸ್ ಪಾಸ್ ನಂಬಿದವರು ಊರಿಗೆ ಹೋದರು. ಮೂವತ್ತು ಸಿಸ್ಟಮ್ ಬೀಗದೊಳಗೆ ಸುಮ್ನೆ ಕೂತವು.

ಆಮೇಲಿನದು ಬೇಗ ನಡೆದುಹೋಯಿತು. 2009ರಿಂದ ಕೇಂದ್ರದ ಯೋಜನೆಯಲ್ಲಿ ಕಾಲೇಜುಗಳಿಗೆ ಬ್ರಾಡ್‌ಬ್ಯಾಂಡ್, 2016ರಲ್ಲಿ ಜಿಯೊ, ಸರ್ಕಾರದಿಂದ ಒಂದಷ್ಟು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್. 2020ರ ಕೊರೊನಾದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು.

ಈಗ ಆಟ ಮೊಬೈಲಿಗೆ ಹೋಗಿದೆ. ಹಾಗಾದರೆ ಲ್ಯಾಬ್ ಜಗಳ ಮುಗಿಯಬೇಕಿತ್ತು ಅಲ್ವಾ? ಮುಗಿದಿಲ್ಲ. ಮೊಬೈಲ್‌ನಲ್ಲಿ ಎಂಜಿನಿಯರಿಂಗ್ ನಕ್ಷೆ ಬರೆಯುವ ಆಟೋಕ್ಯಾಡ್ ಕಲಿಯೋದು, ದೊಡ್ಡ ಪ್ರೋಗ್ರಾಮ್ ಬರೆಯೋದು ಕಷ್ಟ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಇವತ್ತಿಗೂ ಲ್ಯಾಬೇ ಗತಿ. ಹಿಂದೆ ನೋಟಿಸ್ ಬೋರ್ಡ್ ಮಾಡುತ್ತಿದ್ದ ಕೆಲಸವನ್ನು ಈಗ ಬೇಡದ ವೆಬ್‌ಸೈಟ್ ತಡೆಯುವ ಫೈರ್‌ವಾಲ್ ಮಾಡುತ್ತದೆ. ಯೂಟ್ಯೂಬ್ ಪೂರ್ತಿ ಮುಚ್ಚಿದರೆ ಸಿನಿಮಾ ಹಾಡಿನ ಜೊತೆ ಅಲ್ಲಿರುವ ಐಐಟಿಗಳ ಎನ್‌ಪಿಟಿಇಎಲ್ ವಿಡಿಯೊ ಪಾಠವೂ ಮುಚ್ಚಿಹೋಗುತ್ತದೆ.

ಪರದೆ ಮೇಲೆ ಏನಿದೆ ಅನ್ನೋದನ್ನೇ ಇಷ್ಟು ವರ್ಷ ನೋಡುತ್ತಾ ಕಾವಲು ಕೂತಿದ್ದೇವೆ. ಹಿಂದೆ ಯಾರು ನಿಂತಿದ್ದಾರೆ ಅಂತ ನೋಡುವ ನಿಯಮ ಬೇಕು. ಯಾರಾದರೂ ಕಾಯುತ್ತಿದ್ದರೆ ಆಟದವರು ಏಳಬೇಕು, ಯಾರೂ ಇಲ್ಲದಿದ್ದರೆ ಆಡಲಿ. ಬೀಗ ಹಾಕುವ ಹೊತ್ತು ಕೊನೇ ಬಸ್ಸಿಗೆ ಹೊಂದಲಿ. ಯಾವ ಗಂಟೆಯಲ್ಲಿ ಎಷ್ಟು ಸಿಸ್ಟಮ್ ಖಾಲಿ ಅಂತ ತಿಳಿಯೋಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಬಾಗಿಲ ಹತ್ತಿರದ ರಿಜಿಸ್ಟರ್ ಸಾಕು. ಜಾಗ ಸಿಗದೆ ವಾಪಸ್ ಹೋದವರ ಹೆಸರು ಬರೆಯೋಕೆ ಅದರಲ್ಲಿ ಒಂದು ಕಾಲಂ ಸೇರಿಸಬೇಕು.