ಕ್ರುಪ್‌ಸ್ಕಾಯಾ ಬರೀ ಲೆನಿನ್ ಹೆಂಡತಿ ಅಷ್ಟೇನಾ?

ಪ್ರಶ್ನೆ: ರಷ್ಯಾದ ಕ್ರಾಂತಿ ಬಗ್ಗೆ ಓದುವಾಗ ನದೇಜ್ದಾ ಕ್ರುಪ್‌ಸ್ಕಾಯಾ ಹೆಸರು ಬರುತ್ತದೆ. ಆದರೆ ಎಲ್ಲ ಕಡೆ ‘ಲೆನಿನ್ ಪತ್ನಿ’ ಎಂದಷ್ಟೇ ಇರುತ್ತದೆ. ಅವರು ಸ್ವಂತವಾಗಿ ಏನು ಮಾಡಿದರು?

ಉತ್ತರ: ಅವರು ಟೀಚರ್. ಲೆನಿನ್ ಪರಿಚಯವಾಗಿದ್ದು 1894ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಅವರು ಸೇಂಟ್ ಪೀಟರ್ಸ್‌ಬರ್ಗ್‌ನ ಹೊರವಲಯದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಪಾಠ ಹೇಳುತ್ತಿದ್ದರು. ಭಾನುವಾರ ಮತ್ತು ಸಂಜೆ ಹೊತ್ತಿನ ಶಾಲೆ ಅದು. ಸುಮಾರು 600 ಜನ ಕಲಿಯುತ್ತಿದ್ದರು.

ಆ ಶಾಲೆಯ ಒಂದು ಘಟನೆಯನ್ನು ಅವರೇ ನೆನಪಿಸಿಕೊಂಡಿದ್ದಾರೆ. ಒಮ್ಮೆ ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಬಂದರಂತೆ. ಒಂದು ತರಗತಿಯಲ್ಲಿ ದಶಮಾಂಶ ಲೆಕ್ಕ ನಡೆಯುತ್ತಿತ್ತು. ಸರ್ಕಾರ ಒಪ್ಪಿದ್ದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮಾತ್ರ. ಅಷ್ಟಕ್ಕೇ ಆ ತರಗತಿಯನ್ನು ಮುಚ್ಚಿಸಿಬಿಟ್ಟರು! ದಶಮಾಂಶ ಕಂಡರೂ ಹೆದರುವ ಸರ್ಕಾರದ ಕೆಳಗೆ ಪಾಠ ಹೇಳುವ ಟೀಚರ್ ರಾಜಕೀಯಕ್ಕೆ ಇಳಿದಿದ್ದರಲ್ಲಿ ನನಗಂತೂ ಆಶ್ಚರ್ಯ ಕಾಣಲಿಲ್ಲ.

1896ರಲ್ಲಿ ಬಂಧನ, ಆಮೇಲೆ ಗಡೀಪಾರು. ಲೆನಿನ್ ಕೂಡ ಗಡೀಪಾರಾಗಿ ಇದ್ದ ಸೈಬೀರಿಯಾದ ಹಳ್ಳಿಗೇ ಕಳಿಸಿ ಎಂದು ಕೇಳಿಕೊಂಡರು. ತಕ್ಷಣ ಮದುವೆಯಾಗುವುದಾದರೆ ಸರಿ ಎಂದರು ಅಧಿಕಾರಿಗಳು. 1898ರಲ್ಲಿ ತಾಯಿಯನ್ನೂ ಕರೆದುಕೊಂಡು ಹೋಗಿ ಅಲ್ಲೇ ಮದುವೆಯಾದರು. ಮುಂದೆ ಪರದೇಶದಲ್ಲಿದ್ದಾಗ ಲೆನಿನ್ ಅವರ ಕ್ರಾಂತಿಕಾರಿ ಪಕ್ಷದ ಗುಟ್ಟಿನ ಪತ್ರಗಳೆಲ್ಲ ಅವರ ಕೈಯಲ್ಲೇ ಓಡಾಡಿದವು. ಕಾಣದ ಶಾಯಿಯಲ್ಲಿ ಬರೆದ ಸಾಲುಗಳನ್ನು ಬಿಸಿ ತಾಗಿಸಿ ಓದಬೇಕು. ಅವರ ಕೋಣೆಯಲ್ಲಿ ಯಾವಾಗಲೂ ಸುಟ್ಟ ಕಾಗದದ ವಾಸನೆ ಇರುತ್ತಿತ್ತು ಎಂದು ಕ್ರಾಂತಿಯ ಇನ್ನೊಬ್ಬ ನಾಯಕ ಟ್ರಾಟ್‌ಸ್ಕಿ ಬರೆದಿದ್ದಾರೆ.

1917ರಲ್ಲಿ ಕ್ರಾಂತಿಯಾದ ಮೇಲೆ ಅವರು ಕೇಳಿ ಹಿಡಿದದ್ದು ಮತ್ತೆ ಶಿಕ್ಷಣದ ಕೆಲಸವನ್ನೇ. 1919ರ ಡಿಸೆಂಬರ್‌ನಲ್ಲಿ ಒಂದು ಆಜ್ಞೆ ಬಂತು: 8ರಿಂದ 50 ವರ್ಷದ ಒಳಗಿನ ಎಲ್ಲರೂ ಓದು ಬರಹ ಕಲಿಯಲೇಬೇಕು. ಕಲಿಯುವ ಕಾರ್ಮಿಕರಿಗೆ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ, ಸಂಬಳ ಮಾತ್ರ ಪೂರ್ತಿ. ತಪ್ಪಿಸಿಕೊಂಡವರ ಮೇಲೆ ಕೇಸು! ದೊಡ್ಡವರ ಶಿಕ್ಷಣದ ಹೊಣೆ ಹೊತ್ತ ಸಂಸ್ಥೆಗೆ 1920ರಿಂದ ಕ್ರುಪ್‌ಸ್ಕಾಯಾ ಮುಖ್ಯಸ್ಥೆ. 1897ರ ಜನಗಣತಿಯಲ್ಲಿ 9ರಿಂದ 49 ವಯಸ್ಸಿನವರಲ್ಲಿ ಓದು ಬಲ್ಲವರು ಶೇ 28ರಷ್ಟು. 1939ಕ್ಕೆ ಅದು ಶೇ 87. ಒಬ್ಬರಿಂದಲೇ ಆದದ್ದಲ್ಲ, ನಿಜ. ಆದರೆ ಹೆಬ್ಬೆಟ್ಟು ಒತ್ತುವವರ ಕೈಗೆ ಪೆನ್ಸಿಲ್ ಕೊಡಬೇಕು ಎಂಬ ಹಟ ಅವರಿಗೆ ಸಂಜೆ ಶಾಲೆಯಿಂದಲೇ ಬಂದದ್ದು.

ಇನ್ನೊಂದು ಮುಖವನ್ನೂ ಹೇಳಲೇಬೇಕಲ್ವಾ? ಇದೇ ಕ್ರುಪ್‌ಸ್ಕಾಯಾ ಅವರ ಸಂಸ್ಥೆ 1923ರ ಹೊತ್ತಿಗೆ ಗ್ರಂಥಾಲಯಗಳಿಂದ ‘ಬೇಡದ’ ಪುಸ್ತಕ ತೆಗೆಯಲು ಸುತ್ತೋಲೆ ಕಳಿಸಿತು. ಪಟ್ಟಿಯಲ್ಲಿ ತತ್ವಜ್ಞಾನಿಗಳಾದ ಪ್ಲೇಟೊ, ಕಾಂಟ್ ಕೂಡ ಇದ್ದರು. ಲೇಖಕ ಗೋರ್ಕಿ ಸಿಟ್ಟಾದರು. ಪಟ್ಟಿಯಲ್ಲಿ ತಪ್ಪಾಗಿದೆ ಎಂದು ಆಕೆ ಒಪ್ಪಿದರು, ಆದರೆ ಪುಸ್ತಕ ತೆಗೆಯುವ ವಿಚಾರವನ್ನೇ ಬಿಡಲಿಲ್ಲ. ನನಗೆ ಆ ದಶಮಾಂಶದ ಇನ್‌ಸ್ಪೆಕ್ಟರ್ ನೆನಪಾಗುತ್ತಾರೆ.

ಇನ್ನು ಲೆನಿನ್ ನಂತರ ಅಧಿಕಾರ ಹಿಡಿದ ಸ್ಟಾಲಿನ್ ವಿಷಯ. 1922ರ ಡಿಸೆಂಬರ್‌ನಲ್ಲಿ ಲೆನಿನ್ ಹಾಸಿಗೆ ಹಿಡಿದಿದ್ದರು. ಅವರು ಹೇಳಿದ ಪತ್ರವೊಂದನ್ನು ಆಕೆ ಬರೆದುಕೊಂಡರು. ಅಷ್ಟಕ್ಕೆ ಸ್ಟಾಲಿನ್ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ವಿಷಯ ಗೊತ್ತಾದಾಗ, ಕ್ಷಮೆ ಕೇಳು, ಇಲ್ಲದಿದ್ದರೆ ನಮ್ಮ ಸಂಬಂಧ ಮುಗಿಯಿತು ಎಂಬ ಅರ್ಥದಲ್ಲಿ ಲೆನಿನ್ ಬರೆದರು. 1925ರ ಪಕ್ಷದ ಅಧಿವೇಶನದಲ್ಲಿ ಆಕೆ ಸ್ಟಾಲಿನ್ ವಿರೋಧಿಗಳ ಜೊತೆ ನಿಂತರು. ಆಮೇಲೆ ಹಿಂದೆ ಸರಿದರು. 1929ರಲ್ಲಿ ಶಿಕ್ಷಣ ಇಲಾಖೆಯ ಉಪಮಂತ್ರಿಯ ಸ್ಥಾನ ಸಿಕ್ಕಿತು, ಕೊನೆಯವರೆಗೂ ಉಳಿಯಿತು.

1939ರ ಫೆಬ್ರವರಿ 27ರಂದು, 70 ತುಂಬಿದ ಮರುದಿನವೇ, ತೀರಿಕೊಂಡರು. ಚಿತಾಭಸ್ಮದ ಪಾತ್ರೆಯನ್ನು ಕ್ರೆಮ್ಲಿನ್ ಗೋಡೆಯತ್ತ ಹೊತ್ತವರಲ್ಲಿ ಸ್ಟಾಲಿನ್ ಕೂಡ ಇದ್ದರು.