ಐದನೇ ಆಡಿಷನ್‌ಗೆ ಬರುವಾಗ ಸ್ವರ ಸಪ್ಪೆ ಆಗ್ತದೆ, ಎಂತ ಮಾಡುದು?

ಬದಿಯಡ್ಕ ಕಡೆಯವರೊಬ್ಬರು ಕೇಳಿದ್ದು: "ಅಕ್ಕ, ವಾಯ್ಸ್‌ಓವರ್ ಆಡಿಷನ್ ದಿನಕ್ಕೆ ನಾಲ್ಕೈದು ಕಳಿಸ್ತೇನೆ, ಉತ್ತರವೇ ಬರುದಿಲ್ಲ. ಮೊದಲನೇದು ಚಂದ ಬರ್ತದೆ, ಐದನೇದು ಓದುವಾಗ ನಂಗೇ ನಿದ್ದೆ ಬರ್ತದೆ. ಉಮೇದು ಉಳಿಸಿಕೊಳ್ಳುದು ಹೇಗೆ?"

ಬಿಸಿನೀರು, ಶುಂಠಿ, ಜೇನು ಎಲ್ಲ ನಾನೂ ಮಾಡಿ ನೋಡಿದೆ ಮಾರಾಯ್ರೆ, ಗಂಟಲಿಗೆ ಒಳ್ಳೇದೇ, ಆದ್ರೆ ಬೇಜಾರು ಹೋಗುದಿಲ್ಲ. ನಂಗೆ ಕಂಡ ಹಾಗೆ ಬೇಜಾರು ಬರುದು ಎದುರು ಯಾರೂ ಇಲ್ಲದ್ದಕ್ಕೆ. ಸ್ವರ ಗುಂಯ್ ಅನ್ನಬಾರದು ಅಂತ ಕಪಾಟಿನ ಬಟ್ಟೆಗೆ ಮುಖ ಮಾಡಿ ಎಷ್ಟು ಹೊತ್ತು ಮಾತಾಡುದು?

ತಾಳಮದ್ದಳೆ ನೋಡಿ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಅದೇ ಕರ್ಣಪರ್ವ, ಅದೇ ಪದ, ಅದೇ ಅರ್ಥಧಾರಿ (ಪಾತ್ರದ ಮಾತು ಹೇಳುವವರು) ಎಷ್ಟೋ ರಾತ್ರಿ ಕರ್ಣ ಆಗಿ ಕೂತದ್ದು, ಆದ್ರೂ ಮಾತು ಹಳಸುದಿಲ್ಲ, ಯಾಕಂದ್ರೆ ಬಾಯಿಪಾಠ ಒಪ್ಪಿಸಿ ಅಲ್ಲಿ ನಡೆಯುದಿಲ್ಲ, ಹಾಡುವ ಭಾಗವತರ ಪದ ಮುಗಿದ ಮೇಲೆ ಎದುರು ಕೂತ ಸಾರಥಿ ಶಲ್ಯ ಇವತ್ತು ಎಂತ ಚುಚ್ಚಿದ ಅಂತ ಕೇಳಿ ಅದಕ್ಕೆ ಉತ್ತರ ಕೊಡ್ಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಉಂಟು, ನಾವು ಮಾತ್ರ ಯೂಟ್ಯೂಬಲ್ಲಿ ಟಿಪ್ಸ್ ಹುಡುಕ್ತಾ ಕೂರುದು!

ಹಾಗಾಗಿ ಮೈಕಿನ ಹಿಂದೆ ಒಬ್ಬ ಶಲ್ಯನನ್ನು ಕೂರಿಸಿ. ಸ್ಕ್ರಿಪ್ಟಲ್ಲಿ "ನಿಮ್ಮ ಕನಸಿನ ಮನೆ ಈಗ ಸುಲಭ ಕಂತಿನಲ್ಲಿ" ಅಂತ ಉಂಟು ಅಂತಿಟ್ಕೊಳ್ಳಿ. ನಾನು ಭಾವನ ಮುಖ ನೆನಪು ಮಾಡಿಕೊಳ್ತೇನೆ, "ಸಾಲ ಮಾಡಿ ಮನೆ ಕಟ್ಟುದಾ, ಮರ್ಲಾ ನಿಂಗೆ?" ಅಂತ ಅವರು ಕೇಳಿದ ಹಾಗೆ. ರೆಕಾರ್ಡ್ ಒತ್ತಿ "ಅಯ್ಯೋ ಭಾವ, ಸ್ವಲ್ಪ ಕೇಳಿ ಇಲ್ಲಿ" ಅಂತ ಹೇಳಿ ಅದೇ ಉಸಿರಲ್ಲಿ ಸ್ಕ್ರಿಪ್ಟಿಗೆ ಇಳಿಯುದು, ಆಮೇಲೆ ಭಾವನ ತುಂಡು ಕಟ್. ಮುಂದಿನ ಸ್ಕ್ರಿಪ್ಟ್ ಟೂತ್‌ಪೇಸ್ಟಿನದ್ದಾದ್ರೆ ಹಲ್ಲುಜ್ಜಲಿಕ್ಕೆ ಕೇಳದ ಅಕ್ಕನ ಮಗಳು. ಆಳು ಬದಲಾದ್ರೆ ಸ್ವರ ತಾನಾಗಿ ಬದಲಾಗ್ತದೆ, ನಾವು ಬೇರೆ ಎಂತದ್ದೂ ಮಾಡ್ಬೇಕಂತಿಲ್ಲ. ಇನ್ನೊಂದು ಲಾಭ: ನಮ್ಮ ಬಾಯಲ್ಲಿ ಬರುದು "ಉಂಟು", ಸ್ಕ್ರಿಪ್ಟಲ್ಲಿ ಇರುದು "ಇದೆ", ಆ ನಾಲಿಗೆ ಕಾಯುವ ಕೆಲಸದಲ್ಲೇ ಅರ್ಧ ಜೀವ ಹೋಗ್ತದೆ. ಮೊದಲು ಒಂದು ಸಲ ಇಡೀ ವಿಷಯವನ್ನು ನಮ್ಮ ಕನ್ನಡದಲ್ಲೇ ಭಾವನಿಗೆ ಹೇಳಿ ಬಿಟ್ರೆ ಆಮೇಲೆ "ಇದೆ" ಹೇಳುವಾಗ ಬಾಯಿ ಬಿಗಿಯುದಿಲ್ಲ.

ಟೇಕ್ ಮೂರು ಸಾಕು. ಒಂದ್ಸಲ ನಾನು ಒಂದು ಮೂವತ್ತು ಸೆಕೆಂಡಿನ ಜಾಹೀರಾತಿಗೆ 23 ಟೇಕ್ ಮಾಡಿ 22ನೇದು ಕಳಿಸಿದ್ದೆ. ಮರುದಿನ ಕೇಳ್ತೇನೆ, ಮಹಾಪ್ರಾಣ ಎಲ್ಲ ಕರೆಕ್ಟ್, ಆದ್ರೆ ರೇಷನ್ ಕಾರ್ಡ್ ಓದಿದ ಹಾಗೆ, ಜೀವ ಇದ್ದದ್ದು ಎರಡನೇದರಲ್ಲಿ. ಈಗ ಎರಡು ಸರಿಯಾಗಿ, ಮೂರನೇದು ಬೇಕಂತಲೇ ಸ್ವಲ್ಪ ಪೋಕ್ರಿತನದಲ್ಲಿ, ಮಧ್ಯೆ ಹೆಡ್‌ಫೋನ್ ಹಾಕಿ ಕೇಳುದೇ ಇಲ್ಲ, ಎದ್ದು ಅಂಗಳಕ್ಕೊಂದು ಸುತ್ತು.

ಸೆಟ್ಟಿಂಗ್ ಪ್ರತಿ ಸಲ ಹುಡುಕ್ಬೇಡಿ. ಮೊನೊ, 48 ಕಿಲೋಹರ್ಟ್ಸ್, ಮೈಕಿಂದ ಬಾಯಿಗೆ ಒಂದು ಗೇಣು, ಟೆಂಪ್ಲೇಟ್ ಸೇವ್ ಮಾಡಿಡಿ, ಕೆಲಸ ಕೊಡುವವರು ಬೇರೆ ಕೇಳಿದ್ರೆ ಮಾತ್ರ ಬದಲಿಸುದು. ಆಟಿ ತಿಂಗಳಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಜಗಳ ಮಾಡ್ಲಿಕ್ಕೆ ಹೋಗ್ಲೇಬೇಡಿ, ಮಳೆ ಬಿಟ್ಟ ಹತ್ತು ನಿಮಿಷಕ್ಕೆ ಕಾಯಿರಿ (ಅಷ್ಟೊತ್ತಿಗೆ ಆಚೆಮನೆಯವರ ಅಡಿಕೆ ಸುಲಿಯುವ ಮೆಷಿನ್ ಸ್ಟಾರ್ಟ್ ಆಗ್ತದೆ, ಅದು ನಮ್ಮ ಕರ್ಮ).

ಉತ್ತರ ಬಾರದ ವಿಷಯ. ಒಂದು ಕೆಲಸಕ್ಕೆ ಅವರಿಗೆ ಬೇಕಾದ್ದು ಹೆಚ್ಚಾಗಿ ಒಂದೇ ಸ್ವರ, ಉಳಿದವರಿಗೆ "ಇಲ್ಲ" ಅಂತ ಹೇಳುವ ಕ್ರಮವೂ ಕಡಿಮೆ. ನಾನು ಹಳೆ ಡೈರಿಯಲ್ಲಿ ತಾರೀಕು, ಸ್ಕ್ರಿಪ್ಟ್, ಯಾರಿಗೆ ಹೇಳಿದ್ದು ಅಂತ ಬರೆದು ಮುಚ್ತೇನೆ. "ಭಾವ" ಅಂತ ವಾರದಲ್ಲಿ ನಾಲ್ಕು ಸಲ ಬಂದ್ರೆ ಅವರಿಗೆ ರಜೆ.

ನಿಮ್ಮ ಐದನೇದಕ್ಕೆ ಯಾರ ಮುಖವೂ ಕಣ್ಣಿಗೆ ಬರುದಿಲ್ಲ ಅಂತಾದ್ರೆ ಡೆಡ್‌ಲೈನ್ ನೋಡಿ, ನಾಳೆಗೆ ಉಂಟಾದ್ರೆ ನಾಳೆ ಬೆಳಿಗ್ಗೆ ಚಾ ಕುಡಿದು ಅದನ್ನೇ ಮೊದಲು ಮಾಡಿ.